ಚಿತ್ರದ ಕುರುಬ, ಬಯಲಿನ ಕುರುಬ

ಸಾಂಗ್ಲಿ, ಮಿರಜ ಭಾಗದ ನಮ್ಮ ಸಮಾರಂಭಗಳಲ್ಲಿ ವೇದಿಕೆಯ ಹಿಂದೆ ಕಟ್ಟುವ ಚಿತ್ರವನ್ನು ಕನ್ನಡ ಬಂಧುಗಳೆಲ್ಲ ಬಲ್ಲರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮುಂದೆ ಕುರಿಹಿಂಡು, ಹಿಂದೆ ಮುಳುಗುವ ಸೂರ್ಯ. ಅದನ್ನು ಕಂಡು ‘ಎಂಥ ನಿಶ್ಚಿಂತ ಬದುಕು!’ ಎಂದು ತಲೆದೂಗುವವರೊಡನೆ ನಮಗೆ ತಕರಾರಿದೆ.

ಈ ಚಿತ್ರದ ವಂಶಾವಳಿ ಹಳೆಯದು. ಯುರೋಪಿನ ರಮ್ಯಪಂಥದ ಕಲಾವಿದರು ಅರಬರ ನಾಡಿಗೆ ಜಲವರ್ಣದ ಪೆಟ್ಟಿಗೆ ಹೊತ್ತು ನಡೆದ ಕಾಲವದು. ಫ್ರಾನ್ಸಿನ ಸೈನ್ಯ 1830ರಲ್ಲಿ ಅಲ್ಜೀರಿಯಕ್ಕೆ ನುಗ್ಗಿತು. ಎರಡೇ ವರ್ಷಗಳಲ್ಲಿ ದೆಲಾಕ್ರುವಾ ರಾಯಭಾರಿಯ ಜೊತೆಗೆ ನೆರೆಯ ಮೊರಾಕ್ಕೊ ತಲುಪಿದ. ಜಾನ್ ಫ್ರೆಡರಿಕ್ ಲೂಯಿಸ್ ಎಂಬ ಆಂಗ್ಲ ಚಿತ್ರಕಾರ 1841ರಿಂದ ಹತ್ತು ವರ್ಷ ಕೈರೋದಲ್ಲಿ ನೆಲೆಸಿದ. ಅವನು 1856ರಲ್ಲಿ ಪ್ರದರ್ಶಿಸಿದ ಸಿನಾಯ್ ಮರುಭೂಮಿಯ ಬಿಡಾರದ ಜಲವರ್ಣ ಚಿತ್ರವನ್ನು ಅಚ್ಚಿನಲ್ಲಿ ನೋಡಿದ್ದೇವೆ. ಗುಡಾರದ ಬಟ್ಟೆ, ಒಂಟೆಯ ಮೈ, ಬೆಳಕು ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಆ ಕುಸುರಿಗೆ ಕೈಮುಗಿಯಲೇಬೇಕು. ಆದರೆ ಆಂಗ್ಲ ಪ್ರಭು ತಿಂಡಿ ತೀರ್ಥಗಳ ನಡುವೆ ಒರಗಿದ್ದಾನೆ, ಆ ನೆಲದ ಬೆಡೂಯಿನ್ ಶೇಖ್ ಹುಸೇನ್ ನಿಂತಿದ್ದಾನೆ! ಮನೆ ಯಾರದು, ಅತಿಥಿ ಯಾರು?

ಮರುಭೂಮಿಯ ಅಲೆಮಾರಿಯ ಚಿತ್ರವನ್ನು ಗೋಡೆಗೆ ತೂಗಿಸಿ ಮೆಚ್ಚಿದ ಅದೇ ಆಂಗ್ಲರು 1871ರಲ್ಲಿ ನಮ್ಮ ದೇಶದ ಎಷ್ಟೋ ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆನ್ನುವ ಕಾಯಿದೆ ಮಾಡಿದರು. ಅದು ರದ್ದಾಗಲು 1952 ಬರಬೇಕಾಯಿತು.

ಪರರನ್ನು ಬೈದು ಮುಗಿಸುವುದು ಸುಲಭ. ನಮ್ಮ ಮಾತೇನು? ಬರಗಾಲದ ಸೀಮೆಯಾದ ಜತ್ತ ತಾಲ್ಲೂಕಿನ ಕನ್ನಡ ಮನೆಮಾತಿನ ಕುರುಬರು ಮೇವು ತೀರಿದೊಡನೆ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಯತ್ತ ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಪಡೆಯುತ್ತಾರೆ. ಮಕ್ಕಳೂ ಜೊತೆಗೆ ಬರುತ್ತಾರೆ. ಊರಿನ ಕನ್ನಡ ಶಾಲೆ ಹಿಂದುಳಿಯುತ್ತದೆ. ದೀಪಾವಳಿಯ ರಜೆ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಅಂಥ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಬರೆಯುತ್ತ ಬಂದವರು ನಾವೇ. ಎಲ್ಲಿಗೆ ಹೋದರೆಂದು ಒಂದು ದಿನವೂ ವಿಚಾರಿಸಲಿಲ್ಲ. ಲೂಯಿಸನ ಶೇಖನಿಗೆ ಹೆಸರಾದರೂ ಉಳಿಯಿತು. ನಮ್ಮ ವೇದಿಕೆಯ ಕುರುಬನಿಗೆ ಅದೂ ಇಲ್ಲ.

ಕನ್ನಡ ಶಾಲೆಗಳಲ್ಲಿ ಮಕ್ಕಳಿಲ್ಲವೆಂದು ವರ್ಷವರ್ಷವೂ ಠರಾವು ಮಾಡುತ್ತೇವೆ. ಮಕ್ಕಳು ಇದ್ದಾರೆ, ಹೊಲಗಳಲ್ಲಿದ್ದಾರೆ. ಬರುವ ವರ್ಷ ಆ ಪರದೆಯ ಖರ್ಚನ್ನು ಉಳಿಸಿ, ಹಟ್ಟಿ ಬಿದ್ದಲ್ಲಿಗೇ ಹೋಗಿ ಅಕ್ಷರ ಕಲಿಸುವ ಒಬ್ಬ ಶಿಕ್ಷಕರನ್ನು ಸಂಘವು ನೇಮಿಸಲಿ. ಶಿಕ್ಷಕರು ಸಿಗುವವರೆಗೆ, ಮೊಣಕಾಲು ನೋವಿದ್ದರೂ, ಮೊದಲ ತಿಂಗಳು ನಾವೇ ಹೋಗುತ್ತೇವೆ.