ಉದ್ಯೋಗ ಮಾರ್ಗ: ಕೆಲಸಕ್ಕೊಂದು ಕಾಲಪಟ್ಟಿ

ಯಾವುದೇ ದೊಡ್ಡ ಕೆಲಸವು ಹಣದ ಕೊರತೆಯಿಂದ ನಿಲ್ಲುವಂತೆಯೇ ಹೊಂದಾಣಿಕೆಯ ಕೊರತೆಯಿಂದಲೂ ನಿಲ್ಲುತ್ತದೆ. ಮೇಸ್ತ್ರಿ ಬಂದ ದಿನ ಸಿಮೆಂಟು ಇರುವುದಿಲ್ಲ. ಸಿಮೆಂಟು ಬಂದ ದಿನ ಮೇಸ್ತ್ರಿ ಇರುವುದಿಲ್ಲ. ಈ ತೊಡಕನ್ನು ನಿವಾರಿಸುವ ವಿದ್ಯೆಯೇ ಯೋಜನಾ ನಿರ್ವಹಣೆ. ಇದನ್ನು ಗಣಕಯಂತ್ರದ ಮೂಲಕ ಕಲಿಸುವ ತರಬೇತಿಗೆ ಸೇರಬಯಸುವ ಯುವಕ ಯುವತಿಯರೂ, ಶುಲ್ಕ ತೆರುವ ತಂದೆತಾಯಿಗಳೂ ಅದರ ಸಾರವನ್ನು ಮೊದಲೇ ಅರಿತಿರುವುದು ಒಳಿತು.

ಈ ವಿದ್ಯೆ ಗಣಕಯಂತ್ರಕ್ಕಿಂತ ಹಳೆಯದು. ಕೆಲಸಗಳನ್ನು ಅಡ್ಡಪಟ್ಟಿಗಳಾಗಿ ತೋರಿಸುವ ನಕ್ಷೆಯನ್ನು ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಪ್ರಚಾರಕ್ಕೆ ತಂದರು. 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಸಂಸ್ಥೆಯಲ್ಲಿ 'ನಿರ್ಣಾಯಕ ಪಥ'ದ ವಿಧಾನ ರೂಪುಗೊಂಡಿತು. ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಪ್ರೈಮವೇರಾ ಮುಂತಾದ ತಂತ್ರಾಂಶಗಳು ಈ ಎರಡನ್ನೂ ಆಧರಿಸಿವೆ.

ಮನೆ ಕಟ್ಟುವ ಉದಾಹರಣೆಯನ್ನೇ ನೋಡೋಣ. ತಳಪಾಯಕ್ಕೆ 10 ದಿನ, ಗೋಡೆಗೆ 20, ಛಾವಣಿಗೆ 7, ಅದಕ್ಕೆ ನೀರುಣಿಸಲು 14, ಗಾರೆಗೆ 15, ಕೊನೆಗೆ ಬಾಗಿಲ ಕದಗಳನ್ನು ಕೂಡಿಸಲು 4 ದಿನ ಎಂದಿರಲಿ. ಇವು ಒಂದರ ನಂತರ ಒಂದು ನಡೆಯಬೇಕಾದವು; ಒಟ್ಟು 70 ದಿನ. ಬಡಗಿಯಾದರೋ ಮೊದಲ ದಿನದಿಂದಲೇ ಕದಗಳನ್ನು ಮಾಡಲಾರಂಭಿಸಿ 25 ದಿನಗಳಲ್ಲಿ ಮುಗಿಸಬಲ್ಲನು. ಕದಗಳು ಬೇಕಾಗುವುದು 66 ದಿನಗಳು ಕಳೆದ ಮೇಲೆ. ಆದುದರಿಂದ ಬಡಗಿ ಐದು ದಿನ ತಡಮಾಡಿದರೆ ಗೃಹಪ್ರವೇಶ ಮುಂದೆ ಹೋಗುವುದಿಲ್ಲ; ಗೋಡೆಯ ಕೆಲಸ ಐದು ದಿನ ತಡವಾದರೆ ಹೋಗುತ್ತದೆ. ವಿಳಂಬವನ್ನು ಸಹಿಸದ ಈ ಸರಪಳಿಯೇ ನಿರ್ಣಾಯಕ ಪಥ. ಯಜಮಾನನ ಗಮನ ಮೊದಲು ಎಲ್ಲಿರಬೇಕೆಂಬುದನ್ನು ಅದು ತಿಳಿಸುತ್ತದೆ.

ತಂತ್ರಾಂಶಕ್ಕೆ ನಾವು ಕೊಡಬೇಕಾದುದು ಕೆಲಸದ ಹೆಸರು, ಅವಧಿ, ಯಾವುದರ ನಂತರ ಯಾವುದು ಎಂಬ ಸಂಬಂಧ, ಮತ್ತು ಯಾರು ಮಾಡುವರೆಂಬ ವಿವರ. ದಿನಾಂಕಗಳನ್ನು ಅದೇ ಲೆಕ್ಕಹಾಕುತ್ತದೆ. ಹೊಸಬರು ದಿನಾಂಕಗಳನ್ನು ತಾವೇ ತುಂಬಿಬಿಟ್ಟರೆ, ಒಂದು ಕೆಲಸ ತಡವಾದಾಗ ಮುಂದಿನವು ತಾವಾಗಿ ಸರಿಯಲಾರವು. ಪಂಚಾಂಗದ ವಿಷಯದಲ್ಲಿಯೂ ಎಚ್ಚರ ಬೇಕು. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ತಾನಾಗಿ ವಾರಕ್ಕೆ ಐದೇ ಕೆಲಸದ ದಿನಗಳೆಂದು ಎಣಿಸುತ್ತದೆ. ನಮ್ಮ ಶನಿವಾರದ ಕೆಲಸ, ಹಬ್ಬದ ರಜೆಗಳನ್ನು ನಾವೇ ತಿಳಿಸಬೇಕು. ಛಾವಣಿಗೆ ನೀರುಣಿಸುವುದಂತೂ ಭಾನುವಾರವೂ ನಿಲ್ಲದು. ಅಂಥ ಅವಧಿಯನ್ನು ರಜೆ ಲೆಕ್ಕಿಸದಂತೆ ನಮೂದಿಸುವ ಸೌಲಭ್ಯವೂ ಅದರಲ್ಲಿದೆ.

ಕೆಲಸ ಆರಂಭವಾಗುವ ಮುನ್ನ ಮೂಲ ಯೋಜನೆಯನ್ನು ಪ್ರತ್ಯೇಕವಾಗಿ ಕಾಯ್ದಿರಿಸಿ, ವಾರಕ್ಕೊಮ್ಮೆಯಾದರೂ ನಿಜವಾಗಿ ನಡೆದುದನ್ನು ದಾಖಲಿಸಬೇಕು. ಅರ್ಧ ಮುಗಿದುದನ್ನು ಪೂರ್ತಿ ಮುಗಿಯಿತೆಂದು ಬರೆದರೆ ಯಂತ್ರ ನಂಬುತ್ತದೆ, ಗೋಡೆ ನಂಬುವುದಿಲ್ಲ.

ತರಬೇತಿ ಕೇಂದ್ರವನ್ನು ಆರಿಸುವಾಗ, ಒಂದು ಯೋಜನೆಯನ್ನು ಆದಿಯಿಂದ ಅಂತ್ಯದವರೆಗೆ ವಿದ್ಯಾರ್ಥಿಯಿಂದಲೇ ಮಾಡಿಸುವರೇ ಎಂದು ವಿಚಾರಿಸಿರಿ. ಗುಂಡಿಗಳನ್ನು ಒತ್ತುವುದನ್ನು ಮಾತ್ರ ಕಲಿಸಿ ಪ್ರಮಾಣಪತ್ರ ನೀಡುವಲ್ಲಿ ಹಣ ವ್ಯಯಿಸಬೇಡಿರಿ. ಪ್ರಾಜೆಕ್ಟ್‌ಲಿಬ್ರೆ, ಗ್ಯಾಂಟ್‌ಪ್ರಾಜೆಕ್ಟ್ ಎಂಬ ಉಚಿತ ತಂತ್ರಾಂಶಗಳಲ್ಲಿ ಮನೆಯಲ್ಲಿಯೇ ಅಭ್ಯಾಸ ಮಾಡಬಹುದು. ಮೊದಲ ಪಾಠಕ್ಕೆ ಮನೆಯ ಮದುವೆಯೊಂದರ ಸಿದ್ಧತೆಯೇ ಸಾಕು.