ಉಕ್ಕಿನ ಊರಿಗೊಂದು ಫುಟ್‌ಬಾಲ್ ತಂಡ

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೊರಟವರಿಗೆ ತೋರಣಗಲ್ಲು ಸಮೀಪಿಸುತ್ತಿದ್ದಂತೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಕಾಣಿಸುತ್ತವೆ. ಅದರ ಮಗ್ಗುಲಲ್ಲೇ ಜೆಎಸ್‌ಡಬ್ಲ್ಯೂ 2018ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಿದೆ. ಇದೇ ಕಂಪನಿಯ ಒಡೆತನದ ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ನೆಲೆಗೊಳಿಸಿದ್ದೂ ಇಲ್ಲಿಯೇ. 2013ರಲ್ಲಿ ಹುಟ್ಟಿದ ಈ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತು; 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು; 2019ರಲ್ಲಿ ಐಎಸ್‌ಎಲ್ ಕಿರೀಟ ಧರಿಸಿತು. ಅದಿರು ಬಳ್ಳಾರಿಯದು, ಹೊಗೆ ಬಳ್ಳಾರಿಯದು, ಹುಲ್ಲುಹಾಸಿನ ಅಂಗಳವೂ ಬಳ್ಳಾರಿಯದೇ. ಅಂಗಿಯ ಮೇಲಿನ ಹೆಸರು ಮಾತ್ರ ಬೆಂಗಳೂರಿನದು.

ಇದನ್ನು ಹೊಟ್ಟೆಕಿಚ್ಚಿನ ಮಾತೆಂದು ತಿಳಿಯಬಾರದು. ರಾಜಧಾನಿಗೆ ಒಂದು ಒಳ್ಳೆಯ ತಂಡ ಬೇಕಿತ್ತು, ಸಿಕ್ಕಿತು. ಆದರೆ ಉಕ್ಕಿನ ಕಾರ್ಖಾನೆಯೊಂದು ಫುಟ್‌ಬಾಲ್ ತಂಡ ಕಟ್ಟಿದಾಗ ಅದು ಯಾವ ಊರಿಗೆ ಸೇರಬೇಕು ಎಂಬ ಪ್ರಶ್ನೆಗೆ ಬೇರೊಂದು ಉತ್ತರವೂ ಉಂಟು. ಅದು ಜಪಾನಿನ ಕಾಶಿಮಾದಲ್ಲಿದೆ.

ಕಾಶಿಮಾ ಟೋಕಿಯೊದಿಂದ ಎರಡು ಗಂಟೆಯ ದಾರಿ. ಹೊಲಗದ್ದೆ ಮತ್ತು ಮರಳದಂಡೆಯ ಆ ಪ್ರದೇಶವನ್ನು 1960ರ ದಶಕದಲ್ಲಿ ಅಗೆದು ಬಂದರು ಮಾಡಿದರು. ಅದರ ಬೆನ್ನಿಗೇ ಸುಮಿಟೊಮೊ ಮೆಟಲ್ ಕಂಪನಿಯ ಉಕ್ಕಿನ ಕಾರ್ಖಾನೆ ಬಂದಿತು. 1947ರಲ್ಲಿ ಒಸಾಕಾದಲ್ಲಿ ಹುಟ್ಟಿದ್ದ ಕಂಪನಿಯ ಫುಟ್‌ಬಾಲ್ ತಂಡ 1975ರಲ್ಲಿ ಇಲ್ಲಿಗೆ ವರ್ಗವಾಯಿತು. ಕೂಲಿ ಕೈತುಂಬ ಸಿಗುತ್ತಿತ್ತು, ಸಂಜೆ ಹೊತ್ತು ಕಳೆಯಲು ಏನೂ ಇರಲಿಲ್ಲ. ದುಡಿಯುವ ಯುವಕರು ಅಲ್ಲಿ ನಿಲ್ಲಲೊಲ್ಲರು ಎಂಬ ಚಿಂತೆ ಕಂಪನಿಗೂ ಇತ್ತು, ಊರಿಗೂ ಇತ್ತು.

ಜೆ-ಲೀಗ್ ರೂಪುಗೊಳ್ಳುತ್ತಿದ್ದಾಗ ಎರಡನೆಯ ದರ್ಜೆಯಲ್ಲಿದ್ದ ಈ ತಂಡವೂ ಅರ್ಜಿ ಹಾಕಿತು. ಲೀಗಿನ ಮುಖ್ಯಸ್ಥ ಸಬುರೊ ಕವಾಬುಚಿ ಅದು ಬಹುತೇಕ ಅಸಾಧ್ಯವೆಂದೇ ಹೇಳಿದ್ದರು. ಚಾವಣಿಯಿರುವ, ಹದಿನೈದು ಸಾವಿರ ಆಸನಗಳ ಕ್ರೀಡಾಂಗಣ ಕಟ್ಟಿದರೆ ನೋಡೋಣ ಎಂದರು. ಆಗ ಕಾಶಿಮಾದ ಜನಸಂಖ್ಯೆ ಐವತ್ತು ಸಾವಿರವೂ ಇರಲಿಲ್ಲ. ಇಬರಾಕಿ ಪ್ರಾಂತ್ಯದ ಸರ್ಕಾರದ ಬೆಂಬಲದಿಂದ ಕ್ರೀಡಾಂಗಣ ಎದ್ದೇಬಿಟ್ಟಿತು. ಬ್ರೆಜಿಲ್‌ನ ಜೀಕೊ 1991ರಲ್ಲೇ ಬಂದು ಕಾರ್ಖಾನೆಯ ತಂಡಕ್ಕೆ ವೃತ್ತಿಪರ ಶಿಸ್ತು ಕಲಿಸತೊಡಗಿದ್ದರು. 1993ರ ಮೇ 16ರಂದು ನಡೆದ ಮೊದಲ ಲೀಗ್ ಪಂದ್ಯದಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವರು ಮೂರು ಗೋಲು ಹೊಡೆದರು. ಕಾಶಿಮಾ 5-0ಯಿಂದ ಗೆದ್ದಿತು.

ನನಗೆ ಮುಖ್ಯವಾಗಿ ಕಾಣುವುದು ಗೋಲುಗಳಲ್ಲ, ಒಂದು ನಿಯಮ. ಕ್ಲಬ್ಬಿನ ಹೆಸರಿನಲ್ಲಿ ಕಂಪನಿಯ ಹೆಸರು ಇರಕೂಡದು, ಊರಿನ ಹೆಸರಿರಬೇಕು ಎಂದು ಜೆ-ಲೀಗ್ ಹಟ ಹಿಡಿಯಿತು. ಹೀಗೆ ಸುಮಿಟೊಮೊ ಹೋಗಿ ಕಾಶಿಮಾ ಆಂಟ್ಲರ್ಸ್ ಬಂದಿತು. ಕಾಶಿಮಾ ಎಂದರೆ ಜಿಂಕೆಯ ದ್ವೀಪ. ಅಲ್ಲಿನ ಪುರಾತನ ಗುಡಿಯ ದೇವರಿಗೆ ಜಿಂಕೆಯೇ ದೂತ. ಅದರ ಕೊಂಬೇ ತಂಡದ ಗುರುತು. (ಕುರುಗೋಡಿನ ದೊಡ್ಡಬಸವನನ್ನು ಬೆನ್ನಿಗಿಟ್ಟುಕೊಂಡಿರುವ ನಾವು ಲಾಂಛನಕ್ಕಾಗಿ ಬೇರೆಡೆ ಹುಡುಕಬೇಕಾಗಿಲ್ಲ.) ಮತ್ತೂ ಒಂದು ಸಂಗತಿ: ಆ ಕ್ಲಬ್ಬಿಗೆ ಇಂದು ಅಧಿಕೃತ ತವರೂರುಗಳು ಒಂದಲ್ಲ, ಐದು. ಕಾಶಿಮಾ, ಕಮಿಸು, ಇಟಾಕೊ, ನಮೆಗಾಟಾ, ಹೊಕೊಟಾ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ನಮಗೆ ಉಳಿದ ತಾಲ್ಲೂಕುಗಳೂ ಐದೇ: ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ.

ಇದಕ್ಕೆ ವಿರುದ್ಧವಾದ ಕಥೆಯೂ ಜಪಾನಿನಲ್ಲೇ ಇದೆ, ಮತ್ತು ಅದು ನಮಗೆ ಇನ್ನೂ ಹತ್ತಿರದ್ದು. 2010ರಲ್ಲಿ ಜೆಎಸ್‌ಡಬ್ಲ್ಯೂ ಸ್ಟೀಲ್‌ನ ಪಾಲುಗಾರನಾದ ಜೆಎಫ್‌ಇ ಕಂಪನಿಯ ಪೂರ್ವರೂಪಗಳಲ್ಲಿ ಕವಾಸಾಕಿ ಸ್ಟೀಲ್ ಒಂದು. ಕುರಾಶಿಕಿಯಲ್ಲಿದ್ದ ಅದರ ತಂಡವನ್ನು 1995ರಲ್ಲಿ ಮಹಾನಗರ ಕೋಬೆಗೆ ಒಯ್ದರು. ಇಂದು ಅದು ವಿಸೆಲ್ ಕೋಬೆ. 2023 ಮತ್ತು 2024ರ ಚಾಂಪಿಯನ್. ತಂಡದ ಹೆಸರಿನಲ್ಲಿ ಕುರಾಶಿಕಿ ಇಲ್ಲ.

ಬಳ್ಳಾರಿಯಲ್ಲಿ ಫುಟ್‌ಬಾಲ್ ನೋಡುವವರು ಯಾರು, ಇಲ್ಲಿ ಕ್ರಿಕೆಟ್ ಒಂದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕಾಶಿಮಾದಲ್ಲೂ ನೋಡುವವರು ಮೊದಲಿನಿಂದ ಇದ್ದವರಲ್ಲ. ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲಗಳಿರುವ ಊರಿನಲ್ಲಿ ಆಡುವುದು ಹೇಗೆ ಎಂಬುದು ಇದಕ್ಕಿಂತ ಸಮಂಜಸವಾದ ಆಕ್ಷೇಪ. ಅದಕ್ಕೆ ಸಂಜೆಯ ಪಂದ್ಯ ಮತ್ತು ದೀಪಗಳು ಬೇಕು. ಐಎಸ್‌ಎಲ್‌ನಂಥ ದುಬಾರಿ ಕನಸನ್ನು ಯಾರೂ ಕಾಣಬೇಕಿಲ್ಲ. 2025ರಲ್ಲಿ ಆ ಲೀಗ್ ನಡೆಯುವುದೇ ಅನಿಶ್ಚಿತವಾದಾಗ ಬೆಂಗಳೂರು ಎಫ್‌ಸಿಯೇ ತನ್ನ ಮುಖ್ಯ ತಂಡದ ಸಂಬಳವನ್ನು ತಡೆಹಿಡಿಯಬೇಕಾಯಿತು. ರಾಜ್ಯದ ಮುಖ್ಯ ಲೀಗ್ ಎನಿಸಿದ ಸೂಪರ್ ಡಿವಿಷನ್ ಬಹುಮಟ್ಟಿಗೆ ಬೆಂಗಳೂರಿನ ಕ್ಲಬ್‌ಗಳ ನಡುವೆ ನಡೆಯುತ್ತದೆ. ಜಿಲ್ಲೆಯ ಕ್ಲಬ್ ಒಂದು ಮೇಲೇರಲು ಮೆಟ್ಟಿಲನ್ನು ಮೊದಲು ರಾಜ್ಯ ಸಂಸ್ಥೆ ಕಟ್ಟಬೇಕು.

ಅದಿರು ಮುಗಿಯುವ ವಸ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಈ ಜಿಲ್ಲೆ ಹೇಗೆ ಸ್ತಬ್ಧವಾಯಿತೆಂಬುದನ್ನು ನಾವು ಮರೆತಿಲ್ಲ. ಕಾಶಿಮಾದ ಉಕ್ಕಿನ ಕಂಪನಿ 2019ರಲ್ಲಿ ಕ್ಲಬ್ಬಿನ ಬಹುಪಾಲು ಷೇರುಗಳನ್ನು ಮಾರಿತು; 2021ರಲ್ಲಿ ಅಲ್ಲಿನ ಊದುಕುಲುಮೆಯೊಂದನ್ನು ಮುಚ್ಚುವುದಾಗಿ ಸಾರಿತು. ಕ್ಲಬ್ ಊರು ಬಿಡಲಿಲ್ಲ. 2025ರಲ್ಲಿ ಒಂಬತ್ತನೆಯ ಬಾರಿ ಲೀಗ್ ಗೆದ್ದಿತು.

ಸಿರುಗುಪ್ಪ ಬಳ್ಳಾರಿಯಿಂದ ಐವತ್ತು ಕಿಲೋಮೀಟರಿಗೂ ದೂರ, ತೋರಣಗಲ್ಲಿನಿಂದ ಇನ್ನೂ ದೂರ. ಅಲ್ಲಿನ ಹುಡುಗ ಅಕಾಡೆಮಿಯ ಬಾಗಿಲಿಗೆ ಬರಲಿ ಎಂದು ಕಾಯುವ ಬದಲು, ಒಬ್ಬ ತರಬೇತುದಾರ ವಾರಕ್ಕೆ ಎರಡು ಸಂಜೆ ಸಿರುಗುಪ್ಪಕ್ಕೆ, ಎರಡು ಸಂಜೆ ಕುರುಗೋಡಿಗೆ ಹೋಗಿಬರಲಿ. ಐದು ತಾಲ್ಲೂಕುಗಳಿಗೆ ಐದು ತಂಡ, ಅವುಗಳಿಂದ ಆರಿಸಿದ ಒಂದು ತಂಡ, ಅದರ ಎದೆಯ ಮೇಲೆ ಬಳ್ಳಾರಿ ಎಂಬ ಹೆಸರು. ಜಿಲ್ಲಾಡಳಿತ, ಕಂಪನಿ ಮತ್ತು ರಾಜ್ಯ ಫುಟ್‌ಬಾಲ್ ಸಂಸ್ಥೆ ಒಂದೆಡೆ ಕುಳಿತರೆ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಮೊದಲ ಪಂದ್ಯ ಆಡಿಸಬಹುದು.