ಕಿವಿಗೊಂದು ಪುಸ್ತಕ, ಅದೂ ಪುಕ್ಕಟೆ!

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೂತು ನಾನು ಕಾದಂಬರಿ ಮುಗಿಸಿದ್ದೀನಿ ಅಂದ್ರೆ ನೀವು ನಂಬಲೇಬೇಕು. ಒಂದಲ್ಲ, ಕಳೆದ ವರ್ಷ ಒಂಬತ್ತು. ಎಲ್ಲವೂ ಆಫೀಸ್ ಕ್ಯಾಬ್‌ನ ಹಿಂದಿನ ಸೀಟಿನಲ್ಲಿ, ಕಣ್ಣು ಮುಚ್ಚಿಕೊಂಡು, ಒಂದು ರೂಪಾಯಿ ಖರ್ಚಿಲ್ಲದೆ. ದಿನವಿಡೀ ಸ್ಕ್ರೀನ್ ನೋಡಿದ ಕಣ್ಣಿಗೆ ಸಂಜೆ ಮತ್ತೆ ಪುಸ್ತಕ ತೋರಿಸಿದರೆ ಅದು ಮುಷ್ಕರ ಹೂಡುತ್ತೆ. ಕಿವಿ ಪಾಪ, ಸುಮ್ಮನೆ ಹಾರ್ನ್ ಕೇಳ್ತಾ ಕೂತಿರುತ್ತೆ. ಅದಕ್ಕೇ ಈ ವಾರ ಅದರ ಕೆಲಸದ ಬಗ್ಗೆ ಮಾತಾಡೋಣ.

ನಾನು ಹೇಳ್ತಿರೋದು ಲಿಬ್ರಿವಾಕ್ಸ್ ಬಗ್ಗೆ. ಲ್ಯಾಟಿನ್‌ನಲ್ಲಿ ಪುಸ್ತಕ ಮತ್ತು ದನಿ, ಎರಡೂ ಸೇರಿ ಆದ ಹೆಸರು. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಕ್‌ಗ್ವಾಯರ್ ಎಂಬವರು ಇದನ್ನು ಶುರು ಮಾಡಿದರು. ಕಾಪಿರೈಟ್ ಮುಗಿದ ಹಳೆಯ ಪುಸ್ತಕಗಳನ್ನು ಜನಸಾಮಾನ್ಯರೇ ಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ, ಲೋಕಕ್ಕೆಲ್ಲ ಬಿಟ್ಟುಕೊಡೋದು, ಇಷ್ಟೇ ಐಡಿಯಾ. ಓದುವವರಿಗೆ ಸಂಬಳವಿಲ್ಲ, ಆಡಿಷನ್ನೂ ಇಲ್ಲ. ಕೇಳುವವರಿಗೆ ಸಬ್‌ಸ್ಕ್ರಿಪ್ಷನ್ ಇಲ್ಲ. ಈಗ ಅಲ್ಲಿ 10,000ಕ್ಕೂ ಹೆಚ್ಚು ಪುಸ್ತಕಗಳಿವೆ. ಬಹುಪಾಲು ಇಂಗ್ಲಿಷ್.

ನಮಗೇನೂ ಇದು ಹೊಸದಲ್ಲ ಬಿಡಿ. ಒಬ್ಬರು ಕುಮಾರವ್ಯಾಸ ಭಾರತ ವಾಚನ ಮಾಡೋದು, ಇನ್ನೊಬ್ಬರು ಅರ್ಥ ಹೇಳೋದು, ಊರು ಕೂತು ಕೇಳೋದು ನಮ್ಮಲ್ಲಿ ಎಷ್ಟೋ ಕಾಲದಿಂದ ಇದೆ. ಜಗಲಿ ಹೋಗಿ ಇಯರ್‌ಫೋನ್ ಬಂದಿದೆ, ಅಷ್ಟೇ.

ನನ್ನ ಪಟ್ಟಿ ಇಲ್ಲಿದೆ.

1. ಅಡ್ವೆಂಚರ್ಸ್ ಆಫ್ ಶೆರ್ಲಾಕ್ ಹೋಮ್ಸ್: ಹೊಸಬರು ಇಲ್ಲಿಂದಲೇ ಶುರು ಮಾಡಿ. ಹನ್ನೆರಡು ಕತೆ, ಒಂದೊಂದೂ ಹೆಚ್ಚುಕಮ್ಮಿ ಒಂದು ಗಂಟೆ. ಬೆಳಿಗ್ಗೆ ಹೋಗುವಾಗ ಕೇಸ್ ಬರುತ್ತೆ, ಆಫೀಸ್ ಗೇಟ್ ಹತ್ತಿರ ಕಳ್ಳ ಸಿಕ್ಕಿಬೀಳ್ತಾನೆ. ಟ್ರಾಫಿಕ್ ಕಡಿಮೆ ಇದ್ದ ದಿನ ನನಗೆ ಬೇಜಾರಾಗಿದ್ದೂ ಇದೆ.

2. ಅರೌಂಡ್ ದ ವರ್ಲ್ಡ್ ಇನ್ ಎಯ್ಟಿ ಡೇಸ್: ಜೂಲ್ಸ್ ವರ್ನ್‌ನ 1873ರ ಪುಸ್ತಕ. ಫಿಲಿಯಸ್ ಫಾಗ್ ಬೊಂಬಾಯಿಯಲ್ಲಿ ರೈಲು ಹತ್ತಿ ಕಲ್ಕತ್ತಾಕ್ಕೆ ಹೊರಡ್ತಾನೆ. ನಡುವೆ ನೋಡಿದರೆ ಹಳಿಯನ್ನೇ ಹಾಕಿಲ್ಲ! ಪೇಪರಿನಲ್ಲಿ ಮಾತ್ರ ಲೈನ್ ಪೂರ್ತಿಯಾಗಿದೆ ಅಂತ ಬಂದಿರುತ್ತೆ. ಕೊನೆಗೆ 2,000 ಪೌಂಡ್ ಕೊಟ್ಟು ಆನೆ ಕೊಳ್ತಾನೆ. ನಮ್ಮ ಮೆಟ್ರೋ ಕಾಮಗಾರಿ ನೋಡ್ತಾ ಇದನ್ನು ಕೇಳಬೇಕು.

3. ಪ್ರೈಡ್ ಅಂಡ್ ಪ್ರೆಜುಡಿಸ್: ಇದನ್ನು ಹಲವರು ಓದಿದ್ದಾರೆ. ನೀವು ಕ್ಯಾರೆನ್ ಸ್ಯಾವೇಜ್ ಓದಿದ್ದನ್ನೇ ಹುಡುಕಿ. ಐದು ಹೆಣ್ಣುಮಕ್ಕಳ ತಾಯಿ ಮಿಸೆಸ್ ಬೆನೆಟ್ ಗಂಡು ಹುಡುಕೋ ಗಡಿಬಿಡಿ ಕೇಳ್ತಿದ್ರೆ, ನಮ್ಮ ಚಿಕ್ಕಮ್ಮ ಮ್ಯಾಟ್ರಿಮನಿ ಪ್ರೊಫೈಲ್ ಓದಿ ಹೇಳಿದ ಹಾಗೇ ಇರುತ್ತೆ. 1813ರ ಪುಸ್ತಕ ಅಂತ ಅನಿಸೋದೇ ಇಲ್ಲ.

4. ಜೇನ್ ಐರ್: ಎಲಿಜಬೆತ್ ಕ್ಲೆಟ್ ಓದಿದ್ದು. ಕ್ಯಾಬ್‌ಗಿಂತ ರಾತ್ರಿ ದೀಪ ಆರಿಸಿ ಕೇಳೋಕೆ ಚೆನ್ನ. ದೊಡ್ಡ ಮನೆ, ಮೇಲಿನ ಮಹಡಿಯಿಂದ ಬರುವ ನಗು... ಮುಂದೆ ಹೇಳಲ್ಲ.

5. ತ್ರೀ ಮೆನ್ ಇನ್ ಎ ಬೋಟ್: ಪ್ರೊಡಕ್ಷನ್‌ನಲ್ಲಿ ಏನೋ ಒಡೆದು, ಮ್ಯಾನೇಜರ್ ಹತ್ತಿರ ಬೈಸಿಕೊಂಡ ದಿನಕ್ಕೆ ಇದೇ ಔಷಧ. ಜಗತ್ತಿನ ಎಲ್ಲ ಕಾಯಿಲೆಯೂ ತನಗಿದೆ ಅಂದುಕೊಂಡ ಮನುಷ್ಯನ ಕತೆ, ಗೂಗಲ್‌ನಲ್ಲಿ ರೋಗಲಕ್ಷಣ ಹುಡುಕುವ ನಮ್ಮದೇ ಕತೆ.

ಎರಡು ಕಿವಿಮಾತು. ಒಂದೇ ಪುಸ್ತಕಕ್ಕೆ ಮೂರ್ನಾಲ್ಕು ಆವೃತ್ತಿ ಇರುತ್ತೆ. ‘ಸೋಲೋ’ ಅಂದ್ರೆ ಪೂರ್ತಿ ಒಬ್ಬರದೇ ದನಿ. ಇಲ್ಲದಿದ್ದರೆ ಅಧ್ಯಾಯಕ್ಕೊಬ್ಬರು ಬರ್ತಾರೆ, ನಿನ್ನೆ ಅಮೆರಿಕನ್ ಆಗಿದ್ದ ನಾಯಕಿ ಇವತ್ತು ಸ್ಕಾಟಿಷ್ ಆಗಿಬಿಡ್ತಾಳೆ. ಡೌನ್‌ಲೋಡ್ ಮಾಡೋ ಮುಂಚೆ ಐದು ನಿಮಿಷ ಕೇಳಿ ನೋಡಿ. ದನಿ ಹಿಡಿಸದಿದ್ದರೆ ಪುಸ್ತಕವೂ ಹಿಡಿಸಲ್ಲ.

ಇಷ್ಟಕ್ಕೇ ಅಂಕಣ ಮುಗಿಸಬಹುದಿತ್ತು. ಆದರೆ ನಾನು ಇದನ್ನು ಬರೆಯೋಕೆ ಕೂತಿದ್ದು ಅಪ್ಪನಿಂದಾಗಿ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಗ್ಲಾಕೋಮಾ ಅಂತ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನು ಉಳಿಸಿಕೊಳ್ಳಬಹುದು ಅಂದರು ಡಾಕ್ಟರು. ಈಗ ಅಕ್ಷರ ಕೂಡಲ್ಲ. ಆದರೂ ಬೆಳಿಗ್ಗೆ ಕಾಫಿ ಆದಮೇಲೆ ಪೇಪರ್ ಕೈಯಲ್ಲಿ ಹಿಡಿದು ಕೂರ್ತಾರೆ. ಮಡಚಿ ಇಡ್ತಾರೆ. ಅಮ್ಮ ಏನೂ ಕೇಳಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವರ ಫೋನಿಗೆ ಶೆರ್ಲಾಕ್ ಹೋಮ್ಸ್ ಹಾಕಿಕೊಟ್ಟೆ. ನನ್ನ ಸಮಸ್ಯೆ ಬಗೆಹರಿಸಿದ್ದು ಅವರದ್ದನ್ನೂ ಬಗೆಹರಿಸುತ್ತೆ ಅನ್ನೋ ಇಂಜಿನಿಯರ್ ಬುದ್ಧಿ. ಎರಡು ದಿನ ಕೇಳಿದರು. ಮೂರನೇ ದಿನ ಇಯರ್‌ಫೋನ್ ಸುತ್ತಿ ನನ್ನ ಕೈಗಿಟ್ಟು, “ಚೆನ್ನಾಗಿ ಓದ್ತಾನೆ ಕಣೋ. ಆದ್ರೆ ನಂಗೆ ಮನಸ್ಸಲ್ಲೇ ಕನ್ನಡ ಮಾಡ್ಕೊಂಡು ಕೇಳೋ ಅಷ್ಟೊತ್ತಿಗೆ ಅವನು ಮುಂದೆ ಹೋಗಿರ್ತಾನೆ. ನಮ್ಮದು ಯಾವುದೂ ಇಲ್ವಾ?” ಅಂದರು.

ಹುಡುಕಿದೆ. ಅಪ್ಪನಿಗೆ ಬೇಕಾದ ಹಳೆಯ ಕನ್ನಡ ಕಾದಂಬರಿ ಯಾವುದೂ ನನಗೆ ಅಲ್ಲಿ ಸಿಗಲಿಲ್ಲ. ಕಾನೂನು ಅಡ್ಡ ಬರುತ್ತೆ ಅಂದುಕೊಂಡೆ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗಬೇಕು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಪುಸ್ತಕಗಳಿಗೆ 2055ರವರೆಗೆ ಕಾಯಬೇಕು. ಲಿಬ್ರಿವಾಕ್ಸ್ ನೋಡೋದು ಅಮೆರಿಕದ ಕಾನೂನು, ಅಲ್ಲಿ ಪುಸ್ತಕ ಅಚ್ಚಾಗಿ 95 ವರ್ಷ ದಾಟಿರಬೇಕು. ಆದರೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದಿದ್ದು 1899ರಲ್ಲಿ. ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ 1915ರದ್ದು. ಎರಡೂ ಕಡೆಯ ಲೆಕ್ಕಕ್ಕೂ ಇವು ಮುಕ್ತ. ಪುಸ್ತಕ ಇತ್ತು, ಓದೋರು ಇರಲಿಲ್ಲ.

ಬೆಂಗಳೂರಿಗೆ ಬಂದು ಒಂದು ಭಾನುವಾರ ರೂಮಿನ ಬಾಗಿಲು ಹಾಕಿ, ತಲೆ ಮೇಲೆ ಕಂಬಳಿ ಹೊದ್ದು, ಫೋನಿನಲ್ಲೇ ‘ಮಾಡಿದ್ದುಣ್ಣೋ ಮಹಾರಾಯ’ ಓದೋಕೆ ಶುರು ಮಾಡಿದೆ. ಇಪ್ಪತ್ತು ನಿಮಿಷದ ಓದಿಗೆ ಮೂರು ಗಂಟೆ ಹಿಡೀತು. ಒಮ್ಮೆ ಕುಕ್ಕರ್ ವಿಷಲ್, ಒಮ್ಮೆ ಪಕ್ಕದ ಮನೆ ಡ್ರಿಲ್. ಆದರೆ ಹೆಚ್ಚು ಸಲ ನಿಲ್ಲಿಸಿದ್ದು ನನ್ನ ನಾಲಿಗೆಯಿಂದಲೇ. ಹತ್ತನೇ ಕ್ಲಾಸ್ ಆದಮೇಲೆ ನಾನು ಒಂದು ಪುಟ ಕನ್ನಡವನ್ನೂ ಗಟ್ಟಿಯಾಗಿ ಓದಿಲ್ಲ ಅನ್ನೋದು ಆವತ್ತು ಗೊತ್ತಾಯ್ತು. ಉದ್ದುದ್ದ ವಾಕ್ಯಗಳಲ್ಲಿ ಉಸಿರು ಎಲ್ಲಿ ತಗೋಬೇಕು ಅಂತಲೇ ತಿಳೀತಿರಲಿಲ್ಲ. ನಾಚಿಕೆಯಿಂದಲೇ ವಾಟ್ಸಾಪ್ ಮಾಡಿದೆ.

ರಾತ್ರಿ ಅಪ್ಪನ ವಾಯ್ಸ್ ಮೆಸೇಜ್ ಬಂತು. ನಾಲ್ಕು ನಿಮಿಷದ್ದು. ಮೆಚ್ಚುಗೆ ಇರಬಹುದು ಅಂದುಕೊಂಡೆ. ಇರಲಿಲ್ಲ. “ಭಯ ಅನ್ನೋದನ್ನ ಬಯ ಅಂತೀಯ. ಧನ, ದನ ಎರಡೂ ಒಂದೇ ಮಾಡಿದೀಯ. ಒಂದು ಕಡೆ ಸಾಲೇ ಬಿಟ್ಟಿದೀಯ, ಅರ್ಥ ಕೂಡ್ತಿಲ್ಲ, ನೋಡು.” ನಿಜ, ಒಂದು ಸಾಲು ಬಿಟ್ಟುಹೋಗಿತ್ತು. ಲಿಬ್ರಿವಾಕ್ಸ್‌ನಲ್ಲಿ ಈ ಕೆಲಸ ಮಾಡೋರಿಗೆ ಪ್ರೂಫ್ ಲಿಸನರ್ ಅಂತಾರೆ. ಅವರೂ ಸ್ವಯಂಸೇವಕರೇ. ಅಲ್ಲಿ ಆ್ಯಕ್ಸೆಂಟ್‌ಗೆ ಮಾರ್ಕ್ ಕಳೆಯಲ್ಲ, ನಮ್ಮನೆಯಲ್ಲಿ ಕಳೀತಾರೆ.

ಮೆಸೇಜಿನ ಕೊನೆಗೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, “ಎರಡನೇ ಅಧ್ಯಾಯ ಯಾವತ್ತು ಕಳಿಸ್ತೀಯ?” ಅಂದರು.

ಈಗ ವಾರಕ್ಕೊಂದು ಅಧ್ಯಾಯ ನಡೀತಿದೆ. ಅಪ್ಪ ಬೆಳಿಗ್ಗೆ ಕಾಫಿ ಆದಮೇಲೆ ಕೇಳ್ತಾರೆ, ಅಮ್ಮನೂ ಪಕ್ಕದಲ್ಲಿ ಕೂರ್ತಾರಂತೆ. ಪೂರ್ತಿ ಮುಗಿದು, ತಪ್ಪೆಲ್ಲ ತಿದ್ದಿ, ಅಪ್ಪ ಪಾಸ್ ಮಾಡಿದ ಮೇಲೆ ಲಿಬ್ರಿವಾಕ್ಸ್‌ಗೆ ಕೊಡೋ ಆಸೆ ಇದೆ. ಯಾರದೋ ಅಪ್ಪ ಎಲ್ಲೋ ಕೇಳಬಹುದು.

ನೀವು ಈ ವಾರ ಹೋಮ್ಸ್‌ನಿಂದ ಶುರು ಮಾಡಿ. ಮನೆಯಲ್ಲಿ ಪೇಪರನ್ನು ಸುಮ್ಮನೆ ಕೈಯಲ್ಲಿ ಹಿಡಿದು ಕೂರುವವರು ಯಾರಾದರೂ ಇದ್ದರೆ, ಅವರಿಗೆ ನೀವೇ ಒಂದು ಪುಟ ಓದಿ ಕಳಿಸಿ. ತಪ್ಪಾದರೆ ಬೈತಾರೆ. ಬೈಯಲಿ ಬಿಡಿ.